ಏಳು ವಾಕ್ಯದ ಕೊರೊನಾ ಭಯಮಾಪಕ: ಮಂಡಕ್ಕಿ ಭಟ್ಟಿ ಸಾಲಿನಲ್ಲಿ ಬಳಸುವವರಿಗೆ

2020ರಲ್ಲಿ ಇರಾನಿನಲ್ಲಿ ರೂಪುಗೊಂಡ ಕೋವಿಡ್-19 ಭಯಮಾಪಕ ತುಂಬ ಚಿಕ್ಕದು. ಏಳು ವಾಕ್ಯ, ಪ್ರತಿಯೊಂದಕ್ಕೂ 1ರಿಂದ (ಪೂರ್ತಿ ಇಲ್ಲ) 5ರವರೆಗೆ (ಪೂರ್ತಿ ಹೌದು) ಅಂಕ, ಒಟ್ಟು 7ರಿಂದ 35. ಸ್ಪೇನ್, ಪೆರು, ಅರ್ಜೆಂಟೀನಾಗಳಲ್ಲಿ ಇದರ ಸ್ಪ್ಯಾನಿಷ್ ರೂಪಗಳಿವೆ. ಆ ಭಾಷೆಯಲ್ಲಿ ಗಾಬರಿಯಾದ ಗಂಡಸು 'ನೆರ್ವಿಯೋಸೊ', ಹೆಂಗಸು 'ನೆರ್ವಿಯೋಸಾ'. ಅನುವಾದಕರು ಎರಡನ್ನೂ ಗಮನಿಸಬೇಕು. ಕನ್ನಡಕ್ಕೆ ಆ ಕಾಟವಿಲ್ಲ, 'ಗಾಬರಿಯಾಗುತ್ತೆ' ಅಂದರೆ ಮುಗಿಯಿತು.

ನಮ್ಮಲ್ಲಿ ಕೈಕೊಡುವುದು ಮೂರನೇ ವಾಕ್ಯ: ಕೊರೊನಾ ನೆನೆದಾಗ ಅಂಗೈ ಬೆವರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತವರ ಅಂಗೈ ದಿನವಿಡೀ ಒದ್ದೆ. 'ನೆನೆದಾಗ' ಎಂಬುದನ್ನು ನುಂಗಿ ಓದಿದರೆ ಭಯವಿಲ್ಲದವರಿಗೂ 5 ಬೀಳುತ್ತದೆ. ಕೆಲಸ ಮುಗಿದು ಕೈ ತೊಳೆದ ಮೇಲೆ ಕೇಳಿ, ಆ ಪದವನ್ನು ಒತ್ತಿ ಹೇಳಿ. 3, 6, 7 ದೇಹದ ಲಕ್ಷಣಗಳು, ಉಳಿದ ನಾಲ್ಕು ಮನಸ್ಸಿನವು; ಎರಡರ ಅಂಕವನ್ನೂ ಬೇರೆ ಬರೆದಿಟ್ಟರೆ ಈ ಎಡವಟ್ಟು ತಕ್ಷಣ ಕಣ್ಣಿಗೆ ಬೀಳುತ್ತದೆ.

ಓದು ಬಾರದವರಿಗೆ ಐದು ಹಂತ ಒಟ್ಟಿಗೆ ಹೇಳಬೇಡಿ. 'ಹೌದಾ, ಇಲ್ವಾ, ಎರಡೂ ಅಲ್ವಾ?' ಅಂತ ಮೊದಲು ಕೇಳಿ; ಹೌದು, ಇಲ್ಲ ಅಂದವರಿಗೆ ಮಾತ್ರ 'ಸ್ವಲ್ಪಾನಾ, ಪೂರ್ತಿನಾ?'

ದೊಡ್ಡ ಕೊರತೆಯೊಂದಿದೆ. ಕೂಲಿ ತಪ್ಪೀತು, ಮನೆಯ ಅಜ್ಜಿಗೆ ಅಂಟೀತು ಎಂಬ ಅಂಜಿಕೆಗೆ ಇಲ್ಲಿ ಒಂದು ವಾಕ್ಯವೂ ಇಲ್ಲ. ನಮ್ಮ ಜನರನ್ನು ನಿದ್ದೆಗೆಡಿಸಿದ್ದೇ ಇವು.

ನಿಭಾಯಿಸಿದ ಬಗೆ ತಿಳಿಯಲು ಬ್ರೀಫ್ ಕೋಪ್ ಎಂಬ ಪ್ರಶ್ನಾವಳಿ ಜೋಡಿಸಿ: 28 ವಾಕ್ಯ, 14 ಉಪಮಾಪಕ (ನಿಭಾಯಿಸುವ ಒಂದೊಂದು ಬಗೆಗೆ ಒಂದು), ತಲಾ ಎರಡು ವಾಕ್ಯ. ಇದೂ ಸ್ಪ್ಯಾನಿಷಿನಲ್ಲಿದೆ. ಎಲ್ಲ ಕೂಡಿಸಿ ಒಂದೇ ಮೊತ್ತ ಮಾಡಬೇಡಿ. ಪ್ರಾರ್ಥನೆಯ ಅಂಕಕ್ಕೆ ಕುಡಿತದ ಅಂಕ ಸೇರಿದರೆ ಬಂದ ಸಂಖ್ಯೆಗೆ ಅರ್ಥವೇ ಇರದು.