ಟೋಲ್ವಾಪ್ಟಾನ್ 15 ಮಿ.ಗ್ರಾಂ: ಕಲಬುರಗಿ ಬಿಸಿಲಿಗೆ ಒಗ್ಗುವ ಗುಳಿಗೆ, ಆದರೆ ಮನೆಯಲ್ಲಿ ಶುರು ಮಾಡುವಂಥದ್ದಲ್ಲ

ರಕ್ತದಲ್ಲಿ ಇಳಿದ ಸೋಡಿಯಂ ಏರಿಸುವ ಈ ಗುಳಿಗೆಗೆ ಐದಕ್ಕೆ ಮೂರೂವರೆ. ಬರೀ ಕೆಲಸ ನೋಡಿ ಅಂಕ ಕೊಡುವುದಾದರೆ ನಾಲ್ಕೂವರೆ ಸಲ್ಲುತ್ತಿತ್ತು. ಒಂದು ಅಂಕ ಕಡಿದದ್ದು ಅದರ ಬೆನ್ನಿಗೆ ಬರುವ ಕಟ್ಟುಪಾಡಿಗೆ.

ಶ್ವಾಸಕೋಶದ ಕ್ಯಾನ್ಸರ್ ಇರುವವರ ರಿಪೋರ್ಟಿನಲ್ಲಿ ಸೋಡಿಯಂ 120ಕ್ಕೆ ಇಳಿದಿದೆ ಎಂದ ಕೂಡಲೇ ಮನೆಯವರು ಸಾರಿಗೆ ಉಪ್ಪು ಜಾಸ್ತಿ ಮಾಡುತ್ತಾರೆ, ಇಲ್ಲವೇ ಓಆರ್‌ಎಸ್ ಕಲಸಿ ಕುಡಿಸುತ್ತಾರೆ. ಇರಬೇಕಾದ್ದು ಲೀಟರಿಗೆ 135ರಿಂದ 145 ಮಿಲಿಮೋಲ್. ಬಹಳ ಸಲ ಇಲ್ಲಿ ಉಪ್ಪು ಕಡಿಮೆಯಾಗಿರುವುದಿಲ್ಲ, ನೀರು ಹೆಚ್ಚಾಗಿರುತ್ತದೆ. ಗಡ್ಡೆಯೇ ಎಡಿಎಚ್ ಎಂಬ ಹಾರ್ಮೋನನ್ನು ಸುರಿಸುತ್ತದೆ, ಅದರ ಮಾತು ಕೇಳಿ ಮೂತ್ರಪಿಂಡ ನೀರನ್ನು ಬಿಟ್ಟುಕೊಡುವುದಿಲ್ಲ. ಸ್ಮಾಲ್ ಸೆಲ್ ಜಾತಿಯ ಕ್ಯಾನ್ಸರಿನಲ್ಲಿ ನೂರಕ್ಕೆ ಸುಮಾರು 10ರಿಂದ 15 ಮಂದಿಗೆ ಹೀಗಾಗುತ್ತದೆ. 1957ರಲ್ಲಿ ಶ್ವಾರ್ಟ್ಸ್, ಬಾರ್ಟರ್ ಮತ್ತು ಜೊತೆಗಾರರು ಇದನ್ನು ಮೊದಲು ವಿವರಿಸಿದಾಗ ಅವರ ಇಬ್ಬರು ರೋಗಿಗಳಿಗೂ ಶ್ವಾಸಕೋಶದ ಕ್ಯಾನ್ಸರೇ ಇತ್ತು. ವಾಕರಿಕೆ, ತಲೆನೋವು, ನಡೆಯುವಾಗ ತೂರಾಟ, ಮಾತಿನಲ್ಲಿ ಗೊಂದಲ ಇದರ ಲಕ್ಷಣಗಳು. ಇವನ್ನು ಕಿಮೊದ ಸುಸ್ತು ಎಂದು ತಳ್ಳಿಹಾಕುವುದೇ ಹೆಚ್ಚು.

ಟೋಲ್ವಾಪ್ಟಾನ್ ಮೂತ್ರಪಿಂಡದಲ್ಲಿ ಆ ಹಾರ್ಮೋನು ಕೂರುವ ಜಾಗವನ್ನೇ ಹಿಡಿದುಬಿಡುತ್ತದೆ. ನುಂಗಿದ ಎರಡು-ನಾಲ್ಕು ತಾಸಿನಲ್ಲಿ ತೆಳು ಮೂತ್ರ ಹೋಗತೊಡಗುತ್ತದೆ. ಉಪ್ಪು ಒಳಗೇ ಉಳಿದು ನೀರು ಮಾತ್ರ ಹೊರಟುಹೋಗುವುದರಿಂದ ಸೋಡಿಯಂ ಏರುತ್ತದೆ.

ನಮ್ಮ ಕಡೆಗೆ ಇದರ ದೊಡ್ಡ ಗುಣ ಬೇರೆಯೇ ಇದೆ. ಈ ತೊಂದರೆಗೆ ಹಳೆಯ ಮದ್ದು ಕುಡಿಯುವ ನೀರಿಗೆ ಮಿತಿ ಹಾಕುವುದು: ದಿನಕ್ಕೆ 800 ಮಿ.ಲೀ.ನಿಂದ ಒಂದು ಲೀಟರ್, ಅದೂ ಚಹಾ, ಮಜ್ಜಿಗೆ, ಅಂಬಲಿ, ಸಾರು ಎಲ್ಲ ಲೆಕ್ಕಕ್ಕೆ ಸೇರಿಸಿ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದಾಗ, ಜೋಳದ ರೊಟ್ಟಿ ತಿಂದವರ ಮುಂದಿನ ಚರಿಗೆ ಕಿತ್ತುಕೊಳ್ಳುವುದು ಯಾರಿಂದಾದೀತು? ಈ ಗುಳಿಗೆ ನುಂಗಿದವರು ಬಾಯಾರಿದಷ್ಟು ಕುಡಿಯಬಹುದು. ಮೊದಲ 24 ತಾಸಂತೂ ಕುಡಿಯಲೇಬೇಕು. ಹಳೆಯ ಚೀಟಿಯಲ್ಲಿ 'ನೀರು ಕಡಿಮೆ' ಎಂದಿರುವುದನ್ನೇ ಪಾಲಿಸುತ್ತ ಗುಳಿಗೆಯನ್ನೂ ಕೊಟ್ಟರೆ ಸೋಡಿಯಂ ಒಮ್ಮೆಗೇ ಜಿಗಿಯುತ್ತದೆ.

ಆ ಜಿಗಿತಕ್ಕೇ ಹೆದರಬೇಕು. 24 ತಾಸಿನಲ್ಲಿ 8ಕ್ಕಿಂತ ಹೆಚ್ಚು ಏರದಂತೆ ನೋಡಿಕೊಳ್ಳುವುದು ಒಳ್ಳೆಯದು. ಅದಕ್ಕೂ ಬೇಗ ಏರಿದರೆ ಮಿದುಳಿನ ನರಗಳ ಹೊದಿಕೆ ಕಳಚಬಹುದು. ರಿಪೋರ್ಟು ಚೆಂದ ಕಾಣುತ್ತದೆ, ಎಲ್ಲರೂ ಖುಷಿಯಾಗುತ್ತಾರೆ, ಕೆಲವು ದಿನ ಕಳೆದು ಮಾತು ತೊದಲುತ್ತದೆ, ನುಂಗಲಾಗುವುದಿಲ್ಲ, ಕೈಕಾಲು ಸೋಲುತ್ತವೆ. ಊಟ ಬಿಟ್ಟು ಬಡವಾದವರು, ಕುಡಿತದವರು, ಪೊಟ್ಯಾಷಿಯಂ ಕಡಿಮೆ ಇದ್ದವರಿಗೆ ಅಪಾಯ ಇನ್ನೂ ಹೆಚ್ಚು. ಹಾಗಾಗಿ ಮೊದಲ ಡೋಸು ದಾಖಲಾಗಿಯೇ ಆಗಬೇಕು, ಶುರುವಿಗೆ ಆರು-ಎಂಟು ತಾಸಿಗೊಮ್ಮೆ ಸೋಡಿಯಂ ನೋಡಬೇಕು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಕಲಬುರಗಿ ಕೇಂದ್ರದಲ್ಲಿ ಕಿಮೊ ಮುಗಿಸಿ ಆಳಂದಕ್ಕೋ ಚಿಂಚೋಳಿಗೋ ಬಸ್ ಹತ್ತುವವರು ದಾರಿಯಲ್ಲಿ ಗುಳಿಗೆ ಕೊಂಡು ಊರಲ್ಲಿ ಶುರು ಮಾಡುವಂತಿಲ್ಲ. ಡೋಸು ಬೆಳಿಗ್ಗೆ 15 ಮಿ.ಗ್ರಾಂ, ಕೆಲವು ವೈದ್ಯರು ಅರ್ಧ ಗುಳಿಗೆಯಿಂದ ತೊಡಗುತ್ತಾರೆ, ಅದೇ ಜಾಣತನ. 30ಕ್ಕೆ ಏರಿಸುವುದಾದರೆ ಕನಿಷ್ಠ ಒಂದು ದಿನ ಕಾಯಬೇಕು.

ಯಾರಿಗೆ ಬೇಡ? ಸಿಸ್ಪ್ಲಾಟಿನ್ ಎಂಬ ಕಿಮೊ ಔಷಧದ ನಂತರ ವಾಂತಿಭೇದಿಯಾಗಿ ಒಣಗಿದವರಿಗೆ ಬೇಡ. ಅವರಿಗೆ ನಿಜಕ್ಕೂ ಉಪ್ಪುನೀರೇ ಬೇಕು. ಮಂಪರಿನಲ್ಲಿದ್ದು ಬಾಯಾರಿಕೆ ಗೊತ್ತಾಗದವರಿಗೂ ಬೇಡ. ಫಿಟ್ಸ್ ಬಂದಿದ್ದರೆ ಗುಳಿಗೆಯ ಮಾತೇ ಇಲ್ಲ, 3 ಪರ್ಸೆಂಟ್ ಸಲೈನ್ 100ರಿಂದ 150 ಮಿ.ಲೀ. ತಕ್ಷಣ ಹೋಗಬೇಕು. ಹೀಗೆ ವಿಂಗಡಿಸಲು ರಕ್ತದ ಸೋಡಿಯಂ ಒಂದೇ ಸಾಲದು. ರಕ್ತದ ಆಸ್ಮೊಲಾಲಿಟಿ (ಕರಗಿದ ಕಣಗಳ ಸಾಂದ್ರತೆ) 275ಕ್ಕಿಂತ ಕಡಿಮೆ, ಮೂತ್ರದ್ದು 100ಕ್ಕಿಂತ ಜಾಸ್ತಿ, ಮೂತ್ರದ ಸೋಡಿಯಂ 30ಕ್ಕಿಂತ ಜಾಸ್ತಿ, ಥೈರಾಯ್ಡ್ ಮತ್ತು ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನು ಸರಿ ಇವೆ ಎಂದು ಖಾತ್ರಿಯಾಗಬೇಕು. ಕ್ಯಾನ್ಸರ್ ಅಡ್ರಿನಲ್ ಗ್ರಂಥಿಗೆ ಹಬ್ಬಿದರೂ ಸೋಡಿಯಂ ಇಳಿಯುತ್ತದೆ, ಬಿಪಿ ಗುಳಿಗೆಯೊಳಗಿನ ಹೈಡ್ರೋಕ್ಲೋರೋಥಯಜೈಡ್‌ನಿಂದಲೂ ಇಳಿಯುತ್ತದೆ. ಮೂತ್ರದ ಮಾದರಿಯನ್ನು ಸಲೈನ್ ಹಚ್ಚುವ ಮೊದಲೇ ಹಿಡಿಯಬೇಕು, ರಕ್ತವನ್ನು ಸಲೈನ್ ಹಚ್ಚಿದ ಕೈಯಿಂದ ತೆಗೆಯಬಾರದು.

ಸುಮ್ಮನೆ ಒಂದು ಬಾಟಲಿ ನಾರ್ಮಲ್ ಸಲೈನ್ ಹಚ್ಚಿದರೆ ಏನು ಕೆಡುತ್ತದೆ ಎಂದು ಕೇಳುವವರಿದ್ದಾರೆ. ಲೀಟರಿನಲ್ಲಿರುವ 9 ಗ್ರಾಂ ಉಪ್ಪನ್ನು ಈ ರೋಗಿಯ ಮೂತ್ರಪಿಂಡ ಅರ್ಧ ಲೀಟರ್ ಗಟ್ಟಿ ಮೂತ್ರದಲ್ಲೇ ಹೊರಹಾಕಿಬಿಡಬಲ್ಲದು. ಉಳಿದ ಅರ್ಧ ಲೀಟರ್ ಬರೀ ನೀರಾಗಿ ಒಳಗೆ ನಿಂತು ಸೋಡಿಯಂ ಇನ್ನೂ ಇಳಿಯುತ್ತದೆ. ಓಆರ್‌ಎಸ್‌ನಲ್ಲಂತೂ ಸೋಡಿಯಂ ಲೀಟರಿಗೆ 75 ಮಿಲಿಮೋಲ್ ಮಾತ್ರ.

ಜೊತೆಗೆ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್, ಶಿಲೀಂಧ್ರ ಸೋಂಕಿನ ಇಟ್ರಾಕೊನಜೋಲ್ ಇದ್ದರೆ ಗುಳಿಗೆಯ ಬಲ ಮಿತಿಮೀರುತ್ತದೆ. ಟಿಬಿಯ ರಿಫಾಂಪಿಸಿನ್ ಇದ್ದರೆ ಕುಗ್ಗುತ್ತದೆ. ಗ್ರೇಪ್‌ಫ್ರೂಟ್ ಬೇಡ ಎಂದದ್ದನ್ನು ಓದಿ ದ್ರಾಕ್ಷಿ ಬಿಡುವವರಿದ್ದಾರೆ. ಅದು ಚಕ್ಕೋತದ ಬಳಗದ ಹಣ್ಣು, ವಿಜಯಪುರದ ದ್ರಾಕ್ಷಿಗೆ ಏನೂ ದೋಷವಿಲ್ಲ.

ಯಕೃತ್ತಿಗೆ ಪೆಟ್ಟಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಇದಕ್ಕೆ 30 ದಿನಗಳ ಮಿತಿ ಹಾಕಿತು. ಅಷ್ಟರೊಳಗೆ ಕಿಮೊ ಹಿಡಿತಕ್ಕೆ ಬಂದರೆ ಹಾರ್ಮೋನಿನ ಮೂಲವೇ ಕುಗ್ಗುತ್ತದೆ. ಗುಳಿಗೆ ನಿಲ್ಲಿಸಿದ ವಾರದೊಳಗೆ ಸೋಡಿಯಂ ಮತ್ತೆ ನೋಡಿಸಿ, ಅಷ್ಟು ದಿನ ನೀರಿನ ಲೆಕ್ಕವೂ ಮತ್ತೆ ಇರಲಿ. ಎಲ್ಲ ಸರಿಹೋಗಿ ತಿಂಗಳುಗಳ ಮೇಲೆ ಸೋಡಿಯಂ ತಾನಾಗಿ ಇಳಿಯತೊಡಗಿದರೆ ಗಡ್ಡೆ ಮರಳಿರಬಹುದು. ಗುಳಿಗೆ ಚೀಟಿಗಿಂತ ಮೊದಲು ಎದೆಯ ಸಿಟಿ ಸ್ಕ್ಯಾನ್ ಬರೆಸಿಕೊಳ್ಳಿ.