ಜಾದೂ ಶೋ ಮಾಡುವವರು ತೆರಿಗೆ, ಪರ್ಮಿಷನ್ ಬಗ್ಗೆ ಯಾರನ್ನು ಕೇಳಬೇಕು? ಎಲ್ಲಾ ಕಡೆ ಕೇಳಿ ನೋಡಿದೆ

ಶಾಲೆಯ ವಾರ್ಷಿಕೋತ್ಸವ, ಮದುವೆ ರಿಸೆಪ್ಷನ್, ಗಣಪತಿ ಪೆಂಡಾಲು, ಊರ ಜಾತ್ರೆ. ನನ್ನ ಜಾದೂ ಶೋ ನಡೆಯುವುದು ಇಲ್ಲೆಲ್ಲ. ಇರುವುದು ರಾಣೆಬೆನ್ನೂರಿನಲ್ಲಿ. ಒಂದು ಹಳೇ ವ್ಯಾನು, ಇಬ್ಬರು ಹುಡುಗರು, ಒಂದಿಷ್ಟು ಪೆಟ್ಟಿಗೆ ಸಾಮಾನು. ವರ್ಷಕ್ಕೆ ಒಂಬತ್ತು ಲಕ್ಷದ ಆಸುಪಾಸು ಬರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಡೀಸೆಲ್ಲು, ಹುಡುಗರ ಪಗಾರ, ರಿಪೇರಿಗೇ ಹೋಗುತ್ತದೆ.

2025ರ ಜುಲೈ ನೆನಪಿದೆ ಅಲ್ವಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳಿಗೆ ನೋಟಿಸ್ ಕಳಿಸಿತು. ನಮ್ಮ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷದ ಜಿಎಸ್‌ಟಿ ನೋಟಿಸ್ ಬಂದದ್ದು ಪೇಪರ್, ಟಿವಿಯಲ್ಲೆಲ್ಲ ಬಂತು. ಅಂಗಡಿಗಳ ಮುಂದೆ ‘ನೋ ಯುಪಿಐ, ಓನ್ಲಿ ಕ್ಯಾಶ್’ ಬೋರ್ಡು ಬಿದ್ದವು. ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಮುಖ್ಯಮಂತ್ರಿಗಳು ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ಆದರೆ ನನಗೂ ಅಡ್ವಾನ್ಸ್ ಬರುವುದು ಫೋನ್‌ಪೇಯಲ್ಲೇ. ಅವರಿವರ ಮಾತು ಕೇಳುತ್ತ ಕೂರುವ ಬದಲು ಗೊತ್ತಿದ್ದವರನ್ನೇ ಕೇಳೋಣ ಅಂತ ಹೊರಟೆ.

ಎಲ್ಲರ ಮುಂದೂ ಇಟ್ಟಿದ್ದು ಅವೇ ಪ್ರಶ್ನೆಗಳನ್ನು. ನನಗೆ ಜಿಎಸ್‌ಟಿ ಬೇಕಾ? ಮಹಾರಾಷ್ಟ್ರದ ಸಾಂಗ್ಲಿ, ಗೋವಾ ಕಡೆ ಶೋ ಮಾಡಿದರೆ ಏನು ಕಥೆ? ಐಟಿ ರಿಟರ್ನ್ ಯಾವ ಸೆಕ್ಷನ್ನಿನಲ್ಲಿ ಹಾಕಬೇಕು? ಶೋಗೆ ಯಾರ್ಯಾರ ಪರ್ಮಿಷನ್ ಬೇಕು?

ಮೊದಲು ನಮ್ಮೂರಿನ ಟ್ಯಾಕ್ಸ್ ಕನ್ಸಲ್ಟೆಂಟ್. ಕಡತಗಳ ನಡುವೆ ಒಂದು ಕಂಪ್ಯೂಟರ್, ಗೋಡೆಗೆ ಬೀಜದ ಕಂಪನಿಯ ಕ್ಯಾಲೆಂಡರ್. ಒಳ್ಳೆಯ ಮನುಷ್ಯ, ಚಹಾ ಕುಡಿಸದೆ ಕಳಿಸುವುದಿಲ್ಲ. ನಾನು ಮಾತು ಮುಗಿಸುವ ಮೊದಲೇ, ‘ನೀವು ಸಾಂಗ್ಲಿಗೆ ಹೋಗ್ತೀರಿ ಅಂದ್ರ ಜಿಎಸ್‌ಟಿ ಕಂಪಲ್ಸರಿ ರೀ. ರಾಜ್ಯ ದಾಟಿದ್ರ ಮುಗೀತು. ಆಧಾರ್, ಪ್ಯಾನ್ ಕೊಡ್ರಿ, ಮಾಡ್ಸಿಬಿಡೋಣು’ ಅಂದರು.

ಅವರ ಮಾತು ಸುಳ್ಳಲ್ಲ, ಆದರೆ ನನಗೆ ಅನ್ವಯಿಸುವುದಿಲ್ಲ. ಅವರ ಬಳಿ ಬರುವವರು ಬೀಜದ ವ್ಯಾಪಾರಿಗಳು, ಹತ್ತಿಯವರು, ಬ್ಯಾಡಗಿ ಮೆಣಸಿನಕಾಯಿಯವರು. ಮಾಲು ಹೊರರಾಜ್ಯಕ್ಕೆ ಮಾರುವವರಿಗೆ ವಹಿವಾಟು ಎಷ್ಟೇ ಸಣ್ಣದಿರಲಿ, ಸಾಮಾನ್ಯವಾಗಿ ನೋಂದಣಿ ಬೇಕೇ ಬೇಕು. ಸೇವೆ ಕೊಡುವವರಿಗೆ 2017ರ ಅಕ್ಟೋಬರ್ 13ರ ಅಧಿಸೂಚನೆಯಲ್ಲಿ ರಿಯಾಯಿತಿ ಇದೆ. ಕರ್ನಾಟಕದಲ್ಲಿರುವವರಿಗೆ ಒಟ್ಟು ವಹಿವಾಟು 20 ಲಕ್ಷ ದಾಟದಿದ್ದರೆ, ಬೇರೆ ರಾಜ್ಯದವರಿಗೆ ಸೇವೆ ಕೊಟ್ಟರೂ ನೋಂದಣಿ ಬೇಡ. ಇದು ನನಗೆ ಗೊತ್ತಾಗಿದ್ದು ಆಮೇಲೆ, ಹುಬ್ಬಳ್ಳಿಯಲ್ಲಿ.

ಸುಮ್ನೆ ಮಾಡಿಸಿಕೊಂಡರೆ ಏನು ತೊಂದರೆ ಅಂತ ಕೇಳಬಹುದು. ತೊಂದರೆ ಇದೆ. ಒಮ್ಮೆ ನಂಬರ್ ಬಂದರೆ ಹತ್ತು ಸಾವಿರದ ಶಾಲಾ ಶೋಗೂ 18 ಪರ್ಸೆಂಟ್ ಹಾಕಬೇಕು. ಯಾವ ಹೆಡ್‌ಮಾಸ್ಟರು ಹೆಚ್ಚಿಗೆ 1,800 ಕೊಡುತ್ತಾರೆ? ನಮ್ಮ ಕೈಯಿಂದಲೇ ಹೋಗುತ್ತದೆ. ಮಳೆಗಾಲದಲ್ಲಿ ಶೋ ಇಲ್ಲದಿದ್ದರೂ ನಿಲ್ ರಿಟರ್ನ್ ಹಾಕಲೇಬೇಕು, ತಡವಾದರೆ ದಿನಕ್ಕೆ 20 ರೂಪಾಯಿ ಲೇಟ್ ಫೀ. ಸೇವೆ ಕೊಡುವವರಿಗೆ 50 ಲಕ್ಷದವರೆಗೆ 6 ಪರ್ಸೆಂಟಿನ ಇನ್ನೊಂದು ದಾರಿಯೂ ಇದೆ. ಆದರೆ ಅದನ್ನು ಹಿಡಿದವರು ಹೊರರಾಜ್ಯಕ್ಕೆ ಸೇವೆ ಕೊಡುವಂತಿಲ್ಲ. ಅಲ್ಲಿಗೆ ಸಾಂಗ್ಲಿ ಬಂದ್.

ಹಾಗಂತ ಇವರನ್ನು ಬಿಡಬೇಕಿಲ್ಲ. ಪೋರ್ಟಲ್ ಕೆಲಸದಲ್ಲಿ ಕೈ ಚುರುಕು. ಓಟಿಪಿ ಬರದೆ ಸಿಕ್ಕಿಹಾಕಿಕೊಂಡ ರಿಟರ್ನನ್ನು ರಾತ್ರಿ ಎಂಟಕ್ಕೆ ಫೋನ್ ಮಾಡಿದರೂ ಸರಿಮಾಡಿ ಕೊಡುತ್ತಾರೆ. ರಿಟರ್ನ್ ಹಾಕಲು 1,200 ರೂಪಾಯಿ. ಈ ದರಕ್ಕೆ ಇಷ್ಟು ಹತ್ತಿರದ ಆಸಾಮಿ ಬೇರೆ ಎಲ್ಲೂ ಸಿಗುವುದಿಲ್ಲ.

ಎರಡನೆಯದು, ಮೊಬೈಲಿನಲ್ಲಿ ಸದಾ ಜಾಹೀರಾತು ಬರುವ ಆನ್‌ಲೈನ್ ಫೈಲಿಂಗ್ ಕಂಪನಿಗಳಲ್ಲೊಂದು. ‘ಎಕ್ಸ್‌ಪರ್ಟ್ ಜೊತೆ ಮಾತಾಡಿ’ ಪ್ಲಾನು ತೆಗೆದುಕೊಂಡೆ. ಕನ್ನಡದವರು ಸಿಗಲಿಲ್ಲ, ನನ್ನ ಮುರುಕು ಹಿಂದಿಯಲ್ಲೇ ಮಾತಾಯಿತು. ಹುಡುಗ ವಿನಯವಂತ, ಆದರೆ ಅವನ ಕಣ್ಣೆಲ್ಲ ಪರದೆಯ ಡ್ರಾಪ್‌ಡೌನ್ ಮೇಲೆ. ಜಾದೂಗಾರ ಅನ್ನುವ ಆಯ್ಕೆ ಅಲ್ಲಿ ಇಲ್ಲ. ‘ಫಿಲ್ಮ್ ಆರ್ಟಿಸ್ಟ್ ಹಾಕಿಬಿಡೋಣ ಸರ್, 44ಎಡಿಎ ಆಗುತ್ತೆ’ ಅಂದ. ನಾನು ಯಾವ ಸಿನಿಮಾದಲ್ಲೂ ಮುಖ ತೋರಿಸಿಲ್ಲ ಮಾರಾಯಾ ಅಂದೆ. ‘ಆರ್ಟಿಸ್ಟ್ ಅಂತೂ ಹೌದಲ್ಲ ಸರ್’ ಅಂದ.

ಈ 44ಎಡಿಎ ಬಗ್ಗೆ ಸ್ವಲ್ಪ ಹೇಳಬೇಕು, ನಮ್ಮಂಥವರು ತಡಕಾಡುವುದೇ ಇಲ್ಲಿ. ಪೂರ್ತಿ ಲೆಕ್ಕಪುಸ್ತಕ ಇಡದೆ, ಬಂದದ್ದರಲ್ಲಿ ಅರ್ಧ ಆದಾಯ ಅಂತ ತೋರಿಸುವ ಅವಕಾಶ ಅದು. ಆದರೆ ಎಲ್ಲರಿಗೂ ಅಲ್ಲ. ವಕೀಲರು, ವೈದ್ಯರು, ಎಂಜಿನಿಯರ್‌ಗಳು, ಆರ್ಕಿಟೆಕ್ಟ್‌ಗಳು, ಲೆಕ್ಕಪರಿಶೋಧಕರು, ಹೀಗೆ ಒಂದು ಪಟ್ಟಿ. ಅದರಲ್ಲಿ ಸಿನಿಮಾ ಕಲಾವಿದರಿದ್ದಾರೆ, ಅದೂ ಚಿತ್ರ ತಯಾರಿಕೆಯಲ್ಲಿ ಕೆಲಸ ಮಾಡುವವರು. ಸ್ಟೇಜ್ ಜಾದೂಗಾರರಿಲ್ಲ. ಇನ್ನೊಂದು 44ಎಡಿ. ಅದು ಬಿಸಿನೆಸ್‌ನವರಿಗೆ. ನಗದಿನಲ್ಲಿ ಬಂದದ್ದಕ್ಕೆ ಕನಿಷ್ಠ 8 ಪರ್ಸೆಂಟ್, ಬ್ಯಾಂಕ್ ಅಥವಾ ಯುಪಿಐಯಲ್ಲಿ ಬಂದದ್ದಕ್ಕೆ ಕನಿಷ್ಠ 6 ಪರ್ಸೆಂಟ್ ಲಾಭ ತೋರಿಸಬೇಕು.

ಆನ್‌ಲೈನ್ ಕಂಪನಿಯ ಬಗ್ಗೆ ನನ್ನ ತೀರ್ಪು ಇಷ್ಟೇ: ಸಂಬಳ ಮತ್ತು ಫಾರ್ಮ್ 16 (ಕೆಲಸ ಕೊಟ್ಟವರು ಕೊಡುವ ಸಂಬಳ-ತೆರಿಗೆ ಚೀಟಿ) ಇರುವವರಿಗೆ ಚೆನ್ನ. ನಮಗಲ್ಲ.

ಸರ್ಕಾರಿ ಸಹಾಯವಾಣಿಗೂ ಫೋನ್ ಮಾಡಿದೆ. ಪುಕ್ಕಟೆ. ಮಿತಿ ಎಷ್ಟು, ಫಾರಂ ಯಾವುದು ಅಂತ ಕೇಳಿದರೆ ಸ್ಪಷ್ಟ ಉತ್ತರ. 20 ಲಕ್ಷದ ಲೆಕ್ಕದಲ್ಲಿ ತೆರಿಗೆ ವಿನಾಯಿತಿ ಇರುವ ವಹಿವಾಟೂ ಸೇರುತ್ತದೆ ಎಂದು ಹೇಳಿದವರು ಅವರೇ, ಉಪಯೋಗಕ್ಕೆ ಬಂತು. ಆದರೆ ‘ನನ್ನ ಕೇಸಿನಲ್ಲಿ?’ ಅಂದ ಕೂಡಲೇ ‘ಅಧಿಸೂಚನೆ ನೋಡಿ ಸರ್’. ಅವರ ತಪ್ಪೂ ಅಲ್ಲ. ಫೋನಿನಲ್ಲಿ ಅಭಿಪ್ರಾಯ ಹೇಳಿ ಸಿಕ್ಕಿಬೀಳಲು ಯಾರಿಗೆ ಬೇಕು?

ಇನ್ನು ಹುಬ್ಬಳ್ಳಿಯ ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್. ಫೀಸು 3,000, ಒಂದು ತಾಸಿನ ಮಾತಿಗೆ. ಕೊಡುವಾಗ ಕೈ ಸ್ವಲ್ಪ ಹಿಂಜರಿಯಿತು, ಸುಳ್ಳು ಹೇಳುವುದಿಲ್ಲ. ಮೇಡಂ ಮೊದಲು ಕಾನೂನಿನ ಮಾತೇ ಎತ್ತಲಿಲ್ಲ. ‘ಶೋದಾಗ ಏನೇನ್ ಮಾಡ್ತೀರಿ ಹೇಳ್ರಿ ಮೊದ್ಲ’ ಅಂದರು. ಹುಡುಗರಿಗೆ ಪಗಾರ ಹೇಗೆ, ವ್ಯಾನು ಯಾರ ಹೆಸರಲ್ಲಿ, ಟಿಕೆಟ್ ಮಾರುವುದು ನೀವಾ ಅಥವಾ ಸಂಘಟಕರಾ, ಬಾಡಿಗೆ ಬರುವ ಮಳಿಗೆ ಏನಾದರೂ ಇದೆಯಾ. ಮಳಿಗೆ ಬಾಡಿಗೆಯೂ 20 ಲಕ್ಷದ ಲೆಕ್ಕಕ್ಕೆ ಸೇರುತ್ತದಂತೆ. ನನಗೆ ಮಳಿಗೆ ಇಲ್ಲ, ಬಿಡಿ.

ಹೊರರಾಜ್ಯದ ರಿಯಾಯಿತಿ ತಿಳಿಸಿದ್ದು ಅವರೇ. ಜೊತೆಗೇ ಒಂದು ಗೆರೆ ಎಳೆದರು. ಸಾಂಗ್ಲಿಯ ಪಾರ್ಟಿ ಕರೆದು, ಶೋಗೆ ದುಡ್ಡು ಕೊಟ್ಟರೆ ಸರಿ. ನೀವೇ ಅಲ್ಲಿ ಟೆಂಟ್ ಹಾಕಿ ಟಿಕೆಟ್ ಮಾರುವುದಾದರೆ, ಟೆಂಟಿನ ಗೂಟ ಹೊಡೆಯುವ ಮೊದಲು ನನಗೆ ಫೋನ್ ಮಾಡಿ. ಅಲ್ಲಿ ತಾತ್ಕಾಲಿಕ ನೋಂದಣಿಯ ಪ್ರಶ್ನೆ ಬರಬಹುದು. ಅದಕ್ಕೆ ತೆರಿಗೆಯನ್ನು ಅಂದಾಜು ಮಾಡಿ ಮುಂಗಡವಾಗಿ ಕಟ್ಟಬೇಕು, ನೋಂದಣಿ ಒಮ್ಮೆಗೆ ಹೆಚ್ಚೆಂದರೆ 90 ದಿನಕ್ಕೆ. ಬೇರೆ ಯಾರೂ ಈ ವ್ಯತ್ಯಾಸ ಹೇಳಿರಲಿಲ್ಲ.

‘ಕಲಾವಿದರಿಗೆ ಜಿಎಸ್‌ಟಿ ಇಲ್ಲ’ ಅನ್ನುವ ವಾಟ್ಸಾಪ್ ಮಾತಿಗೂ ಉತ್ತರ ಸಿಕ್ಕಿತು. ಜಾನಪದ ಅಥವಾ ಶಾಸ್ತ್ರೀಯ ಸಂಗೀತ, ನೃತ್ಯ, ರಂಗಭೂಮಿಯ ಕಲಾವಿದರಿಗೆ ಒಂದು ಪ್ರದರ್ಶನಕ್ಕೆ ಒಂದೂವರೆ ಲಕ್ಷದವರೆಗೆ ವಿನಾಯಿತಿ. ದೊಡ್ಡಾಟ, ಯಕ್ಷಗಾನದವರು ಧೈರ್ಯವಾಗಿರಬಹುದು. ಜಾದೂಗೆ ಅದನ್ನು ನೆಚ್ಚಿಕೊಳ್ಳಬೇಡಿ, ನಿಮ್ಮನ್ನು ಕಾಯುವುದು 20 ಲಕ್ಷದ ಮಿತಿ ಅಂದರು.

ಅತ್ಯಂತ ಬೆಲೆಬಾಳಿದ್ದು ಐಟಿ ರಿಟರ್ನಿನ ಮಾತು. ಫಿಲ್ಮ್ ಆರ್ಟಿಸ್ಟ್ ಬೇಡವೇ ಬೇಡ. ನಿಮ್ಮದು ವ್ಯಾನು, ಸಾಮಾನು, ಕೆಲಸದವರು ಇರುವ ಯೂನಿಟ್ಟು, ಬಿಸಿನೆಸ್ ಅಂತ 44ಎಡಿಯಲ್ಲಿ ಹಾಕಿದರೆ ಸಮರ್ಥಿಸಬಹುದು. ಇದು ನನ್ನ ಅಭಿಪ್ರಾಯ, ಎಲ್ಲಾ ಅಧಿಕಾರಿಗಳೂ ಒಪ್ಪುತ್ತಾರೆ ಅಂತಲ್ಲ, ಅದಕ್ಕೇ ಬರೆದು ಕೊಡ್ತೀನಿ ಅಂದರು. ಸಹಿ ಹಾಕಿದ ಒಂದು ಪುಟ ಈಗ ನನ್ನ ಫೈಲಿನಲ್ಲಿದೆ. ಆಮೇಲೆ ಕೇಳಿದರು: ‘ವ್ಯಾನು ಹಳೇದು ಅಂದ್ರಿ. ಹೊಸಾದಕ್ಕ ಲೋನ್ ಬೇಕಾಗ್ತದಲ್ಲ?’

ಒಂಬತ್ತು ಲಕ್ಷಕ್ಕೆ 6–8 ಪರ್ಸೆಂಟ್ ಅಂದರೆ ವರ್ಷದ ಆದಾಯ 54 ಸಾವಿರದಿಂದ 72 ಸಾವಿರ. ಆ ರಿಟರ್ನ್ ಹಿಡಿದು ಹೋದರೆ ಬ್ಯಾಂಕ್ ಮ್ಯಾನೇಜರ್ ಸೈಕಲ್ಲಿಗೂ ಸಾಲ ಕೊಡುವುದಿಲ್ಲ. ಕಾನೂನು ಹೇಳುವುದು ಕನಿಷ್ಠ ಅಷ್ಟು ತೋರಿಸಿ ಅಂತ. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚು ತೋರಿಸಬೇಕು. ನನಗೆ ಉಳಿಯುವುದು ನಾಲ್ಕು ಲಕ್ಷದ ಹತ್ತಿರ. 2025-26ರಿಂದ ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇರುವಾಗ ಅದನ್ನು ತೋರಿಸಿದರೂ ತೆರಿಗೆ ಸೊನ್ನೆಯೇ. ಕಡಿಮೆ ತೋರಿಸಿ ಗಳಿಸುವುದು ಏನೂ ಇಲ್ಲ.

ಟಿಡಿಎಸ್, ಅಂದರೆ ದುಡ್ಡು ಕೊಡುವವರು ಬಿಲ್ಲಿನಲ್ಲೇ ಹಿಡಿದುಕೊಳ್ಳುವ ತೆರಿಗೆ, ಆ ವಿಷಯವೂ ಹಾಗೇ. ಇವೆಂಟ್ ಕಂಪನಿಯೊಂದು 60,000ದ ಬಿಲ್ಲಿನಲ್ಲಿ ಸೆಕ್ಷನ್ 194ಜೆ ಅಂತ 10 ಪರ್ಸೆಂಟ್, ಅಂದರೆ 6,000 ಹಿಡಿದುಕೊಂಡಿತ್ತು. ರಿಟರ್ನ್ ಹಾಕಿ ರೀಫಂಡ್ ಬರುವವರೆಗೂ ಆ ದುಡ್ಡು ಸರ್ಕಾರದ ಬಳಿ. 194ಜೆ ಇರುವುದೂ ಪಟ್ಟಿ ಮಾಡಿದ ವೃತ್ತಿಗಳಿಗೆ, ಇವರದು ಗುತ್ತಿಗೆ ಕೆಲಸ, 194ಸಿ ಹಾಕಿ ಅಂತ ಮೇಡಂ ಪತ್ರ ಕೊಟ್ಟರು. ಮುಂದಿನ ಅಷ್ಟೇ ಮೊತ್ತದ ಬಿಲ್ಲಿಗೆ ಕಂಪನಿ ಒಪ್ಪಿಕೊಂಡು 1 ಪರ್ಸೆಂಟ್, 600 ಹಿಡಿಯಿತು. 3,000 ಫೀಸಿನ ನೋವು ಅವತ್ತೇ ಮಾಯವಾಯಿತು.

ಆದರೆ ಪರ್ಮಿಷನ್ ವಿಷಯಕ್ಕೆ ಬಂದರೆ ಸಿಎ ಮೇಡಂ ಕೈ ಎತ್ತಿದರು, ‘ಅದು ನಂಗ ಗೊತ್ತಿಲ್ಲ’ ಅಂತ ನೇರವಾಗಿಯೇ ಹೇಳಿದರು. ಅಲ್ಲಿ ಗುರು ಅಂದರೆ ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಮ್ಯಾನೇಜರಿಕೆ ಮಾಡಿ ಪಳಗಿದ ಹಿರಿಯರು. ಅಂಥವರೊಬ್ಬರ ಜೊತೆ ಒಂದು ಊಟ ಮಾಡಿದರೆ ಸಾಕು. ಅವರ ಲೆಕ್ಕ ಸರಳ. ಮೈಕ್ ಇದ್ದರೆ ಪೊಲೀಸರ ಅನುಮತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕ್ ಇಲ್ಲ, ಅದು 2000ದ ಶಬ್ದಮಾಲಿನ್ಯ ನಿಯಮ. ಜಾಗ ಪಂಚಾಯಿತಿಯದೋ ದೇವಸ್ಥಾನದ್ದೋ ನೋಡಿ, ಅವರಿಂದ ಪತ್ರ. ಎಲ್ಲಕ್ಕಿಂತ ಮುಖ್ಯ, ಒಪ್ಪಂದದ ಚೀಟಿಯಲ್ಲೇ ‘ಪರ್ಮಿಷನ್ ಎಲ್ಲಾ ಸಂಘಟಕರದ್ದು’ ಅಂತ ಒಂದು ಸಾಲು ಬರೆಸಿಕೊಳ್ಳುವುದು. ಶೋ ನಿಂತರೂ ಅಡ್ವಾನ್ಸ್ ವಾಪಸ್ ಇಲ್ಲ ಅಂತ ಇನ್ನೊಂದು ಸಾಲು.

ನನ್ನ ವ್ಯಾನಿನ ಪಂಜರ ನೋಡಿ ಅವರೇ ಕೇಳಿದ್ದು, ‘ತಮ್ಮಾ, ಪಾರಿವಾಳ, ಮೊಲ ಇಟ್ಟೀಯಲ್ಲ, ರಿಜಿಸ್ಟ್ರೇಷನ್ ಮಾಡ್ಸೀಯೇನು?’ ಪ್ರಾಣಿಗಳನ್ನು ಪ್ರದರ್ಶನಕ್ಕೆ ಬಳಸುವವರು 2001ರ ನಿಯಮದ ಪ್ರಕಾರ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಬೇಕು. ನಮ್ಮ ಕಾಡಿನ ಗಿಳಿಯನ್ನಂತೂ ಇಟ್ಟುಕೊಳ್ಳುವುದೇ ಅಪರಾಧ, ವನ್ಯಜೀವಿ ಕಾಯ್ದೆ ಬರುತ್ತದೆ. ಮಂಡಳಿ ಇರುವುದು ಹರಿಯಾಣದಲ್ಲಿ. ಎರಡು ನಿಮಿಷದ ಐಟಂಗೆ ಅಷ್ಟು ಓಡಾಟ ಯಾರಿಗೆ ಬೇಕು? ಪಾರಿವಾಳ, ಮೊಲ ಎರಡನ್ನೂ ಶೋದಿಂದ ತೆಗೆದೆ. ಖಾಲಿ ಕೊಳವೆಯಿಂದ ಕಾಗದದ ಹೂ ಉದುರಿದರೂ ಮಕ್ಕಳು ಅಷ್ಟೇ ಜೋರಾಗಿ ಕೂಗುತ್ತಾರೆ.

ಈ ಹಿರಿಯರನ್ನೇ ತೆರಿಗೆ ಬಗ್ಗೆ ಕೇಳಿದರೆ ಮಾತ್ರ, ‘ಎಲ್ಲಾ ಕ್ಯಾಶ್ ತಗೋ, ಯಾರ್ ಕೇಳ್ತಾರ’. ಆ ಕಿವಿಯಲ್ಲಿ ಕೇಳಿ ಈ ಕಿವಿಯಲ್ಲಿ ಬಿಟ್ಟೆ. ಇವೆಂಟ್ ಮ್ಯಾನೇಜರುಗಳ ಸಲಹೆಯೂ ಇದೇ ಜಾತಿ. ‘ಜಿಎಸ್‌ಟಿ ನಂಬರ್ ಇಲ್ಲದಿದ್ರೆ ನಮ್ಮಲ್ಲಿ ಕಷ್ಟ ಸರ್’ ಅನ್ನುತ್ತಾರೆ. 20 ಲಕ್ಷದೊಳಗೆ ಇದ್ದೇನೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟರೆ ಬಹಳಷ್ಟು ಜನ ಸುಮ್ಮನಾಗುತ್ತಾರೆ.

ಸದ್ಯಕ್ಕೆ ನನ್ನ ವ್ಯವಸ್ಥೆ ಹೀಗಿದೆ. ವರ್ಷಕ್ಕೊಮ್ಮೆ, ಮಾರ್ಚ್ ಮುಗಿಯುವ ಮೊದಲು ಹುಬ್ಬಳ್ಳಿ. ಅವರು ಬರೆದುಕೊಟ್ಟದ್ದನ್ನು ತಂದು ರಿಟರ್ನ್ ಹಾಕಿಸುವುದು ನಮ್ಮೂರ ಕನ್ಸಲ್ಟೆಂಟ್ ಹತ್ತಿರ. ಅವರಿಗೂ ಬೇಜಾರಿಲ್ಲ, ಕಾಗದ ನೋಡಿ ‘ಹೌದ್ರೀ, ಸರ್ವಿಸ್‌ಗೆ ಬ್ಯಾರೆ ಐತಿ’ ಅಂದರು. ನೀವೂ ಸಿಎ ಹತ್ತಿರ ಹೋಗುವಿರಾದರೆ ಬ್ಯಾಂಕ್ ಸ್ಟೇಟ್‌ಮೆಂಟು, 26ಎಎಸ್ (ನಿಮ್ಮ ಹೆಸರಲ್ಲಿ ಹಿಡಿದ ಟಿಡಿಎಸ್ ತೋರಿಸುವ ಪಟ್ಟಿ), ಯಾವ ಊರಲ್ಲಿ ಯಾವತ್ತು ಶೋ, ಎಷ್ಟು ಬಂತು ಅನ್ನುವ ಡೈರಿ ಒಯ್ಯಿರಿ. ಡೈರಿ ಇಲ್ಲದಿದ್ದರೆ ಅರ್ಧ ತಾಸು ಅದನ್ನು ನೆನಪಿಸಿಕೊಳ್ಳುವುದರಲ್ಲೇ ಹೋಗುತ್ತದೆ, ಮೀಟರು ಮಾತ್ರ ಓಡುತ್ತಿರುತ್ತದೆ. ಇನ್ನೊಂದು, ಇಲ್ಲಿ ಬರೆದ ಐಟಿ ಸೆಕ್ಷನ್ನುಗಳು 1961ರ ಕಾಯ್ದೆಯವು. 2025ರ ಹೊಸ ಕಾಯ್ದೆ ಜಾರಿಗೆ ಬರುವ ದಿನ 2026ರ ಏಪ್ರಿಲ್ 1, ಅದರಲ್ಲಿ ನಂಬರುಗಳೆಲ್ಲ ಬೇರೆ. ಬಿಲ್ಲಿನ ಮೇಲೆ 194ಸಿ ಅಂತ ಅಚ್ಚು ಹಾಕಿಸುವ ಮೊದಲು ಒಂದು ಮಾತು ಕೇಳಿಕೊಳ್ಳಿ.