ಮಕ್ಕಳ ವಿಪತ್ತು ಚಿಕಿತ್ಸೆ: ಹುಬ್ಬಳ್ಳಿಯ ಎರಡು ದಿನದ ತರಬೇತಿ ಹೇಗಿದೆ?

ಹೌಸ್‌ಸರ್ಜನ್‌ಗಳಿಗೂ ಹೊಸ ಪಿಜಿ (ಸ್ನಾತಕೋತ್ತರ) ವೈದ್ಯರಿಗೂ ಹುಬ್ಬಳ್ಳಿಯಲ್ಲಿ ನಡೆಯುವ ಈ ತರಬೇತಿಗೆ ಹೋಗಬೇಕೇ ಎಂದು ಕೇಳಿದರೆ, ಖಂಡಿತ ಹೋಗಿ. ಮೊದಲ ದಿನಕ್ಕಾಗಿ ಹೋಗಿ. ಎರಡನೆಯ ದಿನ ಬಿಟ್ಟುಹೋದದ್ದನ್ನು ನೀವೇ ಓದಿಕೊಳ್ಳಬೇಕು.

ಟ್ರಯೇಜ್, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ಬಣ್ಣದ ಪಟ್ಟಿ ಕಟ್ಟಿ ವಿಂಗಡಿಸುವ ಪಾಠ ಗಟ್ಟಿಯಾಗಿದೆ. ದೊಡ್ಡವರ ‘ಸ್ಟಾರ್ಟ್’ ಪದ್ಧತಿಯಲ್ಲಿ ಶ್ವಾಸದ ದಾರಿ ತೆರೆದ ಮೇಲೂ ಉಸಿರಾಡದವರಿಗೆ ಕಪ್ಪು ಪಟ್ಟಿ, ಅಂದರೆ ಉಳಿಸಲಾಗದವರು. ಮಕ್ಕಳ ‘ಜಂಪ್‌ಸ್ಟಾರ್ಟ್’ನಲ್ಲಿ ನಾಡಿ ಸಿಕ್ಕರೆ ಐದು ಸಲ ಉಸಿರು ಕೊಟ್ಟು ಆಮೇಲೆ ತೀರ್ಮಾನ. ಮಕ್ಕಳಲ್ಲಿ ಸಾಮಾನ್ಯವಾಗಿ ಉಸಿರು ಮೊದಲು ನಿಲ್ಲುತ್ತದೆ, ಹೃದಯ ಆಮೇಲೆ. ಆ ನಡುವಿನ ಹೊತ್ತಿನಲ್ಲಿ ಕೂಸನ್ನು ಉಳಿಸಿಕೊಳ್ಳಬಹುದು. ಉಸಿರಾಟ ನಿಮಿಷಕ್ಕೆ 15ಕ್ಕಿಂತ ಕಡಿಮೆ ಇಲ್ಲವೇ 45ಕ್ಕಿಂತ ಹೆಚ್ಚಿದ್ದರೆ ಕೆಂಪು, ಅಂದರೆ ತಕ್ಷಣ ಚಿಕಿತ್ಸೆ. ಕಲಿಯುವವರು ಎಡವುವುದು ಕಂಕುಳಲ್ಲಿ ಬಂದ ಕೂಸಿನ ವಿಷಯದಲ್ಲಿ: ನಡೆದು ಬಂದವರ, ಅಂದರೆ ಕಾಯಬಲ್ಲವರ ಹಸಿರು ಗುಂಪಿಗೆ ಸೇರಿಸಿಬಿಡುತ್ತಾರೆ. ನಡೆದವಳು ತಾಯಿ, ಕೂಸಲ್ಲ. ಅಣಕು ಅಭ್ಯಾಸದಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸಿ ತಿದ್ದುತ್ತಾರೆ, ಮೆಚ್ಚಬೇಕು.

ರಕ್ತನಾಳ ಸಿಗದಾಗ ದ್ರವ ಕೊಡಲು ಎಲುಬಿನೊಳಗೆ ಸೂಜಿ ಹಾಕುವುದನ್ನು ಕೋಳಿಯ ಕಾಲೆಲುಬಿನ ಮೇಲೆ ಕಲಿಸುತ್ತಾರೆ. ಮೊಣಕಾಲ ಕೆಳಗಿನ ಉಬ್ಬಿನಿಂದ ಒಂದೆರಡು ಸೆಂ.ಮೀ. ಕೆಳಗೆ, ಒಳಬದಿಯ ಚಪ್ಪಟೆ ಜಾಗ. ಪ್ರತಿರೋಧ ಸಡಿಲವಾದ ಕೂಡಲೇ ನಿಲ್ಲಿಸದಿದ್ದರೆ ಸೂಜಿ ಆಚೆ ಬದಿಗೆ ತೂರಿ, ದ್ರವ ಮೀನಖಂಡಕ್ಕೆ ಇಳಿದು ಕಾಲು ಬಾತುಕೊಳ್ಳುತ್ತದೆ. ಕಾಲಿನ ಅಡಿಗೆ ನಿಮ್ಮ ಅಂಗೈ ಇಡಬೇಡಿ.

ಉದ್ದ ಅಳೆದು ತೂಕ ಅಂದಾಜಿಸುವ ಬ್ರೋಸ್‌ಲೋ ಟೇಪನ್ನು ಮಾತ್ರ ಎಚ್ಚರಿಕೆ ಕೊಡದೆ ಕೈಗಿಟ್ಟರು. ನಮ್ಮ ದೇಶದ ಮಕ್ಕಳಲ್ಲಿ, ಅದರಲ್ಲೂ 10 ಕೆಜಿ ದಾಟಿದವರಲ್ಲಿ, ಅದು ತೂಕವನ್ನು ಹೆಚ್ಚು ತೋರಿಸುತ್ತದೆ. ಔಷಧಿಯ ಪ್ರಮಾಣವೂ ಹೆಚ್ಚುತ್ತದೆ. ತಕ್ಕಡಿ ಸಿಕ್ಕರೆ ತೂಗಿಯೇ ಕೊಡಿ.

ದೊಡ್ಡ ಕೊರತೆ ಪರಿಹಾರ ಕೇಂದ್ರದ ಪಾಠ. ಗಾಯಾಳುಗಳ ಪಾಠವೂ ಬೇಕು, 2019ರ ಮಾರ್ಚಿನಲ್ಲಿ ಧಾರವಾಡದಲ್ಲಿ ಕಟ್ಟಡ ಕುಸಿದದ್ದು ನಿಜ. ಆದರೆ ನಮ್ಮ ಭಾಗದಲ್ಲಿ ಮರಳಿ ಮರಳಿ ಬರುವುದು ನೆರೆ: ಮಲಪ್ರಭಾ, ಬೆಣ್ಣಿಹಳ್ಳ, ವರದಾ. ಅದೇ ವರ್ಷದ ಆಗಸ್ಟಿನಲ್ಲಿ ನರಗುಂದ ತಾಲೂಕಿನ ಊರುಗಳಿಗೇ ನೀರು ನುಗ್ಗಿತ್ತು. ಶಾಲೆಯ ಕೋಣೆಗಳಲ್ಲಿ ತುಂಬಿಕೊಂಡ ಮಕ್ಕಳಿಗೆ ಬರುವುದು ಭೇದಿ, ಜ್ವರ, ಕೆಮ್ಮು. ಅದಕ್ಕೆ ಇಲ್ಲಿ ಮುಕ್ಕಾಲು ಗಂಟೆಯೂ ಇಲ್ಲ!

ಕನಿಷ್ಠ ಇಷ್ಟಾದರೂ ಸೇರಿಸಲಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ, ಆದ್ದರಿಂದ ಲೀಟರಿನ ಬಾಟಲಿ ತೋರಿಸಿಯೇ ಪೊಟ್ಟಣ ಕೊಡಬೇಕು. ನೀರಿನಂಶ ಸ್ವಲ್ಪ ಕಡಿಮೆಯಾದ ಮಗುವಿಗೆ ನಾಲ್ಕು ತಾಸಿನಲ್ಲಿ ಕೆಜಿಗೆ 75 ಮಿ.ಲೀ., ಅಂದರೆ 10 ಕೆಜಿಯ ಕೂಸಿಗೆ 750 ಮಿ.ಲೀ., ಚಮಚ ಚಮಚವಾಗಿ; ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ. ಆರು ತಿಂಗಳಿಂದ ಐದು ವರ್ಷದೊಳಗಿನವರ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಈ ಲೆಕ್ಕ ಬೇಡ, ತೀವ್ರ ಅಪೌಷ್ಟಿಕತೆಯ ಪದ್ಧತಿಯಂತೆ ನಿಧಾನವಾಗಿ ಕೊಡಬೇಕು. ದಾನವಾಗಿ ಬಂದ ಹಾಲಿನ ಪುಡಿ, ನಿಪ್ಪಲ್ ಬಾಟಲಿಗಳನ್ನು ಹಂಚಲು ಬಿಡಬಾರದು: ಕೊಳೆ ನೀರಿನಲ್ಲಿ ಕದಡಿದ ಪುಡಿ ಭೇದಿಗೆ ನೇರ ದಾರಿ. ಎದೆಹಾಲು ಕುಡಿಸುವ ತಾಯಿಗೆ ಮರೆಯ ಜಾಗ, ಊಟ, ಕುಡಿಯುವ ನೀರು ಮೊದಲು ಸಿಗಬೇಕು.

ಕೈಪಿಡಿ ಪೂರ್ತಿ ಇಂಗ್ಲಿಷಿನಲ್ಲಿದೆ. ತಾಯಂದಿರಿಗೆ ಹೇಳುವ ಮಾತುಗಳಾದರೂ ಕನ್ನಡದಲ್ಲಿರಲಿ. ಹೆತ್ತವರಿಂದ ಬೇರೆಯಾದ ಮಗುವಿನ ಕೈಗೆ ಪಟ್ಟಿ ಕಟ್ಟಿ, ಸಿಕ್ಕ ಜಾಗ ಮತ್ತು ಹೊತ್ತು ಬರೆದು, ‘ನಮ್ಮದು’ ಎಂದು ಬಂದವರಿಗೆಲ್ಲ ಒಪ್ಪಿಸದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡುವುದನ್ನು ಚೆನ್ನಾಗಿ ಕಲಿಸುತ್ತಾರೆ. ಆ ಭಾಗ ಸಂಜೆಯ ಕೊನೆಗಿದೆ, ಬಸ್ಸು ಹಿಡಿಯಲು ಮೊದಲೇ ಎದ್ದು ಬರಬೇಡಿ.